ಅಣಬೆ ಕೀಳುವವರು ಬುಡ ಬಿಟ್ಟು ಬರಬೇಡಿ

ಮೊನ್ನೆ ಆರಿದ್ರಾ ಮಳೆ ಹಿಡಿದಾಗ ತಂಗಿಯ ಮಗ ಒಂದು ಪ್ಲಾಸ್ಟಿಕ್ ಕವರ್ ತುಂಬ ಅಣಬೆ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟ. ಎಲ್ಲವನ್ನೂ ಚಾಕುವಿನಿಂದ ನೆಲದ ಮಟ್ಟಕ್ಕೆ ಕೊಯ್ದಿದ್ದ. "ಮಣ್ಣು ಬರಬಾರದು ಅಂತ ನೀಟಾಗಿ ಕಟ್ ಮಾಡಿದೆ ದೊಡ್ಡಮ್ಮ" ಅಂದ. ನನಗೆ ಮೈಯೆಲ್ಲ ಉರಿಯಿತು. ಅಷ್ಟನ್ನೂ ಗೊಬ್ಬರಗುಂಡಿಗೆ ಸುರಿಸಿದೆ. ಅವನಿಗೆ ಬೇಜಾರಾಯಿತು, ಆಗಲಿ. ಬುಡ ಇಲ್ಲದ ಅಣಬೆಯನ್ನು ನಾನು ಇವತ್ತಿನವರೆಗೂ ಒಲೆಗೇರಿಸಿಲ್ಲ.

ವಿಷದ ಒಂದು ದೊಡ್ಡ ಗುರುತು ಇರುವುದು ಮಣ್ಣಿನೊಳಗೆ. ಅಮಾನಿಟಾ ಅಂತ ಒಂದು ಜಾತಿ ಇದೆ. ಅದರಲ್ಲಿ ಜೀವ ತೆಗೆಯುವಂಥವೂ ಇವೆ. ಅವುಗಳ ಕಾಲಿನ ಬುಡ ಊದಿಕೊಂಡು, ಸುತ್ತ ಮೊಟ್ಟೆ ಸಿಪ್ಪೆ ಒಡೆದ ಹಾಗೆ ಒಂದು ಬಟ್ಟಲು ಇರುತ್ತದೆ. ನೆಲದ ಮೇಲೆ ಕೊಯ್ದರೆ ಆ ಬಟ್ಟಲು ಅಲ್ಲೇ ಉಳಿಯುತ್ತದೆ, ವಿಷ ಮಾತ್ರ ಮನೆಗೆ ಬರುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಬೆಳ್ಳಿ ನಾಣ್ಯ ಹಾಕಿದೆ ಕಪ್ಪಾಗಲಿಲ್ಲ, ಅರಿಶಿನ ಹಾಕಿದೆ ಬಣ್ಣ ತಿರುಗಲಿಲ್ಲ, ಹುಳ ತಿಂದಿದೆ ಅಂದಮೇಲೆ ನಾವೂ ತಿನ್ನಬಹುದು, ಇವೆಲ್ಲ ಸುಳ್ಳು. ಅಣಬೆಯ ಕಾಲಿನ ಸುತ್ತ ಬಳೆಯಂಥ ಪದರ ಇದ್ದರೆ ವಿಷ ಅನ್ನುವುದನ್ನೂ ನಂಬಬೇಡಿ. ನಾವು ತಿನ್ನುವ ಹುತ್ತದ ಅಣಬೆಯಲ್ಲೂ ಕೆಲವಕ್ಕೆ ಬಳೆ ಇರುತ್ತದೆ. ಫೋನಿಗೆ ಫೋಟೋ ತೋರಿಸಿ ಕೇಳುವುದಂತೂ ಬೇಡವೇ ಬೇಡ. ಮಣ್ಣೊಳಗೆ ಏನಿದೆ ಅಂತ ಫೋನಿಗೆ ಹೇಗೆ ಗೊತ್ತಾಗಬೇಕು?

ನಾನು ಕೀಳುವುದು ಹುತ್ತದ ಅಣಬೆ ಒಂದನ್ನೇ. ಗೆದ್ದಲು ನೆಲದಡಿಯ ಗೂಡಿನಲ್ಲಿ ಸ್ಪಂಜಿನಂಥ ತಟ್ಟಿ ಕಟ್ಟಿ ಬೂಸ್ಟು ಬೆಳೆಸುತ್ತವೆ. ಅದರಿಂದಲೇ ಈ ಅಣಬೆ ಏಳುವುದು. ಅದಕ್ಕೇ ಅದರ ಕಾಲು ಬೇರಿನ ಹಾಗೆ ಸಣ್ಣಗಾಗುತ್ತಾ ಕೆಳಗಿಳಿಯುತ್ತದೆ. ಆ ಬೇರನ್ನು ಹಿಡಿದು ಹೋಗುವುದನ್ನು ಕಲಿಸಿದವರು ನನ್ನ ಅಜ್ಜಿ. ಮಳೆಗೆ ಗೊರಬು ಹೊದ್ದು, ಕಾಲಿಗೆ ಇಂಬಳ (ಜಿಗಣೆ) ಹತ್ತದ ಹಾಗೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡು ಹೊರಡುತ್ತಿದ್ದರು. ಕೈಯಲ್ಲಿ ತುದಿ ಚಪ್ಪಟೆ ಮಾಡಿದ ಬಿದಿರ ಕೋಲು. ಗುದ್ದಲಿ ಮುಟ್ಟಲು ಬಿಡುತ್ತಿರಲಿಲ್ಲ, ಕಬ್ಬಿಣ ತಾಗಿದರೆ ಬೇರು ತುಂಡಾಗುತ್ತದೆ. ಮೊದಲು ಕೋಲಿನಿಂದ ಸುತ್ತಲಿನ ತರಗೆಲೆ ಸರಿಸಿ ಹಾವು ಚೇಳು ಇಲ್ಲ ಅಂತ ನೋಡಬೇಕು. ಹುತ್ತದ ಬಾಯಿಗೆ ಯಾವತ್ತೂ ಕೈ ಹಾಕಬಾರದು. ಅಣಬೆಯ ಕಾಲಿನಿಂದ ನಾಲ್ಕು ಬೆರಳು ದೂರಕ್ಕೆ ಕೋಲು ಇಳಿಸಿ, ಮೇಲಕ್ಕೆ ಎಬ್ಬದೆ ಪಕ್ಕಕ್ಕೆ ಒತ್ತಿ. ಒದ್ದೆ ಮಣ್ಣು ಹೆಂಟೆಯಾಗಿ ಬಿಡುತ್ತದೆ. ಸುತ್ತ ಹೀಗೆ ಸಡಿಲ ಮಾಡಿ, ಆಮೇಲೆ ಕೋಲಿನ ತುದಿಯಿಂದಲೇ ಸ್ವಲ್ಪ ಸ್ವಲ್ಪ ಮಣ್ಣು ತೆಗೆಯಿರಿ. ಬೇರು ಹೊರಗೆ ಕಂದು, ಮುರಿದರೆ ಒಳಗೆ ಬಿಳಿ. ಒಂದು ಗೇಣು ಇಳಿದರೂ ಊತ ಇಲ್ಲ, ಬಟ್ಟಲು ಇಲ್ಲ, ಇಳಿಯುತ್ತಲೇ ಇದೆ ಅಂದರೆ ಮಾತ್ರ ಬುಟ್ಟಿಗೆ. ಹುತ್ತದ ಪಕ್ಕದಲ್ಲೇ ಇತ್ತು ಅಂತ ಸುಮ್ನೆ ಹಾಕಿಕೊಳ್ಳಬೇಡಿ, ಬೇರೆ ಜಾತಿಯೂ ಅಲ್ಲೇ ಬೆಳೆಯಬಹುದು. ಬೇರು ದಾರದಷ್ಟು ಸಣ್ಣಗಾದ ಮೇಲೆ ನಿಲ್ಲಿಸಿ. ಗೂಡನ್ನು ಒಡೆದರೆ ಮುಂದಿನ ವರ್ಷಕ್ಕೆ ಏನೂ ಇಲ್ಲ. ತೆಗೆದ ಮಣ್ಣನ್ನು ವಾಪಸ್ ತುಂಬಿ ತರಗೆಲೆ ಮುಚ್ಚಿ. ಅಜ್ಜಿ ತೋರಿಸಿದ ಎರಡು ಜಾಗದಲ್ಲಿ ಈಗಲೂ ಗುಡುಗು ಮಳೆ ಬಿದ್ದ ಮೇಲೆ ಅಣಬೆ ಏಳುತ್ತದೆ.

ಅರಳದ ಮೊಗ್ಗು ಬೇಡ, ಎಳೆಯದರಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಪ್ಲಾಸ್ಟಿಕ್ ಕವರ್ ಬೇಡ, ಬೆವೆತು ಕೊಳೆಯುತ್ತದೆ.

ತೆಂಗಿನ ಬುಡದಲ್ಲಿ, ಹುಲ್ಲುಹಾಸಿನಲ್ಲಿ ಏಳುವ ದೊಡ್ಡ ಬಿಳಿ ಕೊಡೆಯನ್ನು ಮುಟ್ಟಲೇಬೇಡಿ. ಎಳೆಯದಿದ್ದಾಗ ಅದರ ಅಡಿಯ ಪದರವೂ ಬಿಳಿ, ಬಲಿತಾಗ ಹಸಿರು. ನಮ್ಮ ಪರಿಚಯದವರ ಮನೆಯಲ್ಲಿ ಅದನ್ನು ತಿಂದು, ಎರಡು ಗಂಟೆಯೊಳಗೆ ಮನೆಮಂದಿಗೆಲ್ಲ ವಾಂತಿ ಭೇದಿ. ಅದಕ್ಕೇ ನಾನು ಬೆಳಿಗ್ಗೆ ತಂದದ್ದರಲ್ಲಿ ಒಂದರ ಕೊಡೆ ಬಿಡಿಸಿ, ಪದರ ಕೆಳಗಾಗಿ ಬಿಳಿ ಹಾಳೆಯ ಮೇಲಿಟ್ಟು ಲೋಟ ಮುಚ್ಚುತ್ತೇನೆ. ಸಂಜೆಯ ಹೊತ್ತಿಗೆ ನಸುಗೆಂಪು ಪುಡಿ ಉದುರಿರಬೇಕು. ಹಸಿರು ಬಿದ್ದರೂ, ಏನೂ ಕಾಣದಿದ್ದರೂ ಅಷ್ಟನ್ನೂ ಎಸೆಯಿರಿ. ಇಷ್ಟೆಲ್ಲ ಆದಮೇಲೂ ಊರಿನಲ್ಲಿ ಬಲ್ಲವರ ಕಣ್ಣಿಗೆ ಒಮ್ಮೆ ಬೀಳಲಿ. ನನ್ನದನ್ನು ನಮ್ಮ ಅತ್ತಿಗೆ ನೋಡಿದ ಮೇಲೇ ಸಾರಿಗೆ ಹಾಕುವುದು.

ಅಡುಗೆಗೆ ಮೊದಲು ಎರಡು ಅಣಬೆಯನ್ನು ಹಸಿಯಾಗಿ, ಬುಡಸಮೇತ ಬಾಳೆಲೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡಿ. ಜೀವ ತೆಗೆಯುವ ವಿಷ ತಿಂದ ತಕ್ಷಣ ತೋರಿಸಿಕೊಳ್ಳುವುದಿಲ್ಲ. ಆರು ಗಂಟೆ, ಹನ್ನೆರಡು ಗಂಟೆ, ಇನ್ನೂ ಜಾಸ್ತಿಯೂ ಆಗಬಹುದು. ಆಮೇಲೆ ವಾಂತಿ ಭೇದಿ. ಮಧ್ಯೆ ಒಂದು ದಿನ ಹುಷಾರಾದ ಹಾಗೆ ಕಂಡು, ಒಳಗೊಳಗೇ ಲಿವರ್ ಕೆಡುತ್ತಾ ಹೋಗುತ್ತದೆ. ಹೊಟ್ಟೆ ತೊಳಸಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಆ ಬಾಳೆಲೆ ಪೊಟ್ಟಣ ಹಿಡಿದು ನೇರ ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ ತೋರಿಸಿ. ಎರಡು ದಿನ ಎಲ್ಲರೂ ಚೆನ್ನಾಗಿದ್ದರೆ ಪೊಟ್ಟಣ ಬಿಚ್ಚಿ ಬಾಳೆ ಬುಡಕ್ಕೆ ಹಾಕಿ.