ಹಲ್ಲು ಕಡಿಯುವ ಮಗುವಿಗೆ ಹುಳುವಿನ ಔಷಧ ಕೊಡುವ ಮುನ್ನ

"ಡಾಕ್ಟ್ರೇ, ರಾತ್ರಿಯೆಲ್ಲ ಕರಕರ ಹಲ್ಲು ಕಡೀತಾಳೆ, ಹೊಟ್ಟೇಲಿ ಹುಳ ಇರ್ಬೇಕು" ಎಂದು ಬಂದವರಿಗೆ ನಾನು ಮೊದಲು ಕೇಳುವುದು ಗೊರಕೆಯ ಬಗ್ಗೆ. ಮಗು ಬಾಯಿ ತೆರೆದು ಮಲಗುತ್ತದೆಯೇ, ಮೂಗು ಸದಾ ಕಟ್ಟಿರುತ್ತದೆಯೇ? ಹೌದಾದರೆ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ನೋಡಿಸುತ್ತೇನೆ; ಉಸಿರಿಗೆ ತಡೆಯಾಗಿ ನಿದ್ದೆ ಕೆಟ್ಟರೂ ಮಗು ಹಲ್ಲು ಕಡಿಯಬಹುದು. ಆಮೇಲಿನ ಪ್ರಶ್ನೆ: ರಾತ್ರಿ ಗುದದ ಹತ್ತಿರ ಕೆರೆದುಕೊಳ್ಳುತ್ತದೆಯೇ?

ಹುಳುವಿಗೂ ಹಲ್ಲು ಕಡಿಯುವುದಕ್ಕೂ ನಂಟಿದೆಯೇ ಎಂದು ನೋಡಿದ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ನಂಟಿದ್ದರೆ, ನನ್ನ ಲೆಕ್ಕದಲ್ಲಿ, ಅದು ನಿದ್ದೆಗೇಡಿನ ಮೂಲಕ. ದಾರದೆಳೆಯಂಥ ಬಿಳಿಯ ಪಿನ್‌ವರ್ಮ್‌ನ ಹೆಣ್ಣು ರಾತ್ರಿ ಹೊರಬಂದು ಗುದದ ಸುತ್ತ ಮೊಟ್ಟೆಯಿಡುತ್ತದೆ. ತುರಿಕೆಗೆ ನಿದ್ದೆ ಆಗಾಗ ತಿಳಿಯಾಗುತ್ತದೆ. ಹಲ್ಲು ಕಡಿಯುವುದೂ ಹೆಚ್ಚಾಗಿ ಅಂಥ ಅರೆ ಎಚ್ಚರದಲ್ಲೇ.

ಮಲಪರೀಕ್ಷೆಯಲ್ಲಿ ಈ ಮೊಟ್ಟೆಗಳು ಸಾಮಾನ್ಯವಾಗಿ ಸಿಗುವುದಿಲ್ಲ. 'ನಾರ್ಮಲ್' ಎಂಬ ರಿಪೋರ್ಟ್ ನಂಬಿ ಕೂರಬೇಡಿ. ಬೆಳಿಗ್ಗೆ ಮಗು ಎದ್ದ ಕೂಡಲೇ, ತೊಳೆಯುವ ಮೊದಲೇ, ಪಾರದರ್ಶಕ ಸೆಲ್ಲೋಟೇಪಿನ ಅಂಟುಬದಿಯನ್ನು ಗುದದ ಸುತ್ತ ಒತ್ತಿ, ಗಾಜಿನ ಸ್ಲೈಡಿಗೆ ಅಂಟಿಸಿ ಲ್ಯಾಬಿಗೆ ಕೊಡಿ. ಸತತ 3 ಬೆಳಿಗ್ಗೆ ಹೀಗೆ ಮಾಡಬೇಕು. ಒಂದೇ ದಿನದ್ದು ತಪ್ಪಿಹೋಗಬಹುದು. ಹಾಲುಬಣ್ಣದ ಟೇಪು ಬೇಡ, ಸೂಕ್ಷ್ಮದರ್ಶಕದಡಿ ಏನೂ ಕಾಣುವುದಿಲ್ಲ.

ಹುಳು ಸಿಕ್ಕರೆ, 2 ವರ್ಷ ದಾಟಿದ ಮಗುವಿಗೆ ಆಲ್ಬೆಂಡಜೋಲ್ 400 ಮಿ.ಗ್ರಾಂ ಮಾತ್ರೆ ಒಮ್ಮೆ; 3 ವರ್ಷದೊಳಗಿದ್ದರೆ ಪುಡಿಮಾಡಿ ನೀರಲ್ಲಿ ಕಲಸಿ, ದೊಡ್ಡವರು ಚೆನ್ನಾಗಿ ಅಗಿದು ನುಂಗಬೇಕು. 1ರಿಂದ 2 ವರ್ಷದವರಿಗೆ ಅರ್ಧ ಮಾತ್ರೆ, ಅದನ್ನೂ ಪುಡಿಮಾಡಿ ನೀರಲ್ಲಿ ಕಲಸಿ. ಇನ್ನೂ ಚಿಕ್ಕವರಿಗೆ ಮನೆಯಲ್ಲೇ ಕೊಡುವ ಔಷಧವಲ್ಲ ಇದು. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಗಾಗಿ 2 ವಾರಕ್ಕೆ ಮತ್ತೊಂದು ಡೋಸ್. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಫೆಬ್ರವರಿ, ಆಗಸ್ಟ್‌ಗಳಲ್ಲಿ ಶಾಲೆ, ಅಂಗನವಾಡಿಯಲ್ಲಿ ಕೊಡುವುದು ಒಂದೇ ಡೋಸ್, ಪಿನ್‌ವರ್ಮ್‌ಗೆ ಅದಷ್ಟೇ ಸಾಲದು.

ಮನೆಯವರೆಲ್ಲ ಅದೇ ದಿನ ತೆಗೆದುಕೊಳ್ಳಬೇಕು. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಉಗುರು ಮೋಟಾಗಿ ಕತ್ತರಿಸಿ. ಸ್ನಾನ ಬೆಳಿಗ್ಗೆಯೇ ಆಗಲಿ, ರಾತ್ರಿ ಇಟ್ಟ ಮೊಟ್ಟೆ ತೊಳೆದುಹೋಗುತ್ತದೆ. ಹಾಸಿಗೆ ಬಟ್ಟೆಯನ್ನು ಕೊಡವದೆ ಮಡಚಿ ಬಿಸಿನೀರಿಗೆ ಹಾಕಿ. ಮೊಟ್ಟೆಗಳು ಬಟ್ಟೆ, ಆಟಿಕೆಗಳ ಮೇಲೆ 2–3 ವಾರ ಬದುಕಬಲ್ಲವು.

ಎರಡನೇ ಡೋಸಿನ ಬಳಿಕ ತುರಿಕೆ ನಿಂತು, ಟೇಪೂ ಸ್ವಚ್ಛವಿದ್ದು, ಹಲ್ಲು ಕಡಿಯುವುದು ಮಾತ್ರ ಮುಂದುವರಿದರೆ ಮೂರನೇ ಡೋಸ್ ಬೇಡ. ಹಾಲುಹಲ್ಲು ಸವೆದಿದೆಯೇ ಎಂದು ದಂತವೈದ್ಯರಿಗೆ ತೋರಿಸಿ. ದವಡೆ ಬೆಳೆಯುವ ವಯಸ್ಸಾದ್ದರಿಂದ ನೈಟ್‌ಗಾರ್ಡ್ (ರಾತ್ರಿ ಹಲ್ಲಿಗೆ ತೊಡಿಸುವ ಕವಚ) ಸಾಮಾನ್ಯವಾಗಿ ಹಾಕುವುದಿಲ್ಲ. ಶಾಶ್ವತ ಹಲ್ಲು ಬರುತ್ತಾ ಬಹುತೇಕ ಮಕ್ಕಳಲ್ಲಿ ಇದು ತಾನಾಗಿ ನಿಲ್ಲುತ್ತದೆ.