ಸಾಗರ ರಸ್ತೆ ಬದಿಯ ಮನೆ: ಮೂರು ರಾತ್ರಿ ಬೀಗದ ಕೈ ಇಸ್ಕೊಂಡು ಅಳೆದ ಲೆಕ್ಕ

ಸಾಗರ ರಸ್ತೆ ಬದಿಯ ಒಂದು ಮನೆ ಕೊಳ್ಳುವ ಮಾತೆತ್ತಿದಾಗ "ಹೆದ್ದಾರಿ ಬದಿ ನಿದ್ದೆ ಬರಲ್ಲ, ಬಿಟ್ಬಿಡಿ" ಅಂದವರು ಅರ್ಧ ಜನ. "ಮೇನ್ ರೋಡ್ ಅಂದ್ರೆ ಚಿನ್ನ, ಕಣ್ಮುಚ್ಚಿ ಹಾಕಿ" ಅಂದವರು ಇನ್ನರ್ಧ. ಎರಡೂ ಪಂಗಡದಲ್ಲಿ ಸದ್ದು ಅಳೆಯುವ ಮೀಟರ್ ಹಿಡಿದವರು ಒಬ್ಬರೂ ಇರಲಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಮೂರು ರಾತ್ರಿಗೆ ಖಾಲಿ ಮನೆಯ ಬೀಗದ ಕೈ ಕೇಳಿದ್ದಕ್ಕೆ ಬ್ರೋಕರ್ ನಕ್ಕ. ರಾತ್ರಿಗೆ ಎರಡು ಸಾವಿರದ ಹಾಗೆ ಆರು ಸಾವಿರ ಕೊಟ್ಟದ್ದಾಯಿತು. ಕೊನೆಗೆ ಬೆಲೆಯಲ್ಲಿ ಇಳಿದದ್ದು ಆರೂವರೆ ಲಕ್ಷ. ಈಗ ಅದೇ ಬ್ರೋಕರ್ ಬೇರೆ ಗಿರಾಕಿಗಳಿಗೆ ನನ್ನ ನಂಬರ್ ಕೊಡುತ್ತಾನೆ.

ಮೂರು ರಾತ್ರಿ ಅಂದರೆ ವಾರದ ನಡುವೆ ಎರಡು, ಶನಿವಾರ ಒಂದು. ಅಗ್ಗದ ಮೀಟರ್ ಸಾಕು, ಆದರೆ ಎ (ಕಿವಿಗೆ ಕೇಳುವ ಹಾಗೆ ಅಳೆಯುವುದು) ಮತ್ತು ಸಿ (ತಗ್ಗು ಸದ್ದನ್ನೂ ಹಿಡಿಯುವುದು) ಎರಡೂ ತೂಕ ತೋರಿಸುವಂಥದ್ದು ಬೇಕು. ನಾನು ಅಳೆದ ಮೊದಲ ಮನೆಯಲ್ಲಿ ಮೀಟರನ್ನು ಹೊರಗೆ ಗೋಡೆಗೆ ಆನಿಸಿ ಇಟ್ಟದ್ದು ತಪ್ಪಾಯಿತು. ಗೋಡೆಯಿಂದ ಮರಳಿ ಬರುವ ಸದ್ದೇ ಮೂರರಿಂದ ಆರು ಡೆಸಿಬೆಲ್ ಸೇರಿಸಿಬಿಡುತ್ತದೆ. ಗೋಡೆಯಿಂದ ಮೂರೂವರೆ ಮೀಟರ್ ದೂರ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರ ಸರಿ. ಒಳಗೆ ದಿಂಬಿನ ಎತ್ತರಕ್ಕೆ ಇಡಿ, ಫ್ಯಾನ್ ಫ್ರಿಜ್ ಎಲ್ಲ ಬಂದ್ ಮಾಡಿ.

ಎರಡನೇ ತಪ್ಪು ಸರಾಸರಿಯದು. ಗಂಟೆಯಲ್ಲಿ ಹತ್ತು ನಿಮಿಷ 70, ಉಳಿದ ಐವತ್ತು ನಿಮಿಷ 50 ಇದ್ದರೆ ಕೂಡಿ ಭಾಗಿಸಿದಾಗ 53 ಬರುತ್ತದೆ, ವಸತಿ ಪ್ರದೇಶದ ಹಗಲಿನ ಮಿತಿ 55ರ ಒಳಗೇ ಇದೆ ಅಂತ ಖುಷಿಯಾಗುತ್ತದೆ. ಡೆಸಿಬೆಲ್ ಲಾಗರಿದಮ್ ಲೆಕ್ಕ, ನಿಜವಾದ ಸರಾಸರಿ 62ರ ಮೇಲೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಮಿತಿ 45, ಹೆದ್ದಾರಿ ಬದಿಯಲ್ಲಿ ಅದು ಕಾಗದದ ಮೇಲಷ್ಟೇ. ಹಾಗಾಗಿ ಸರಾಸರಿ ಬದಿಗಿಟ್ಟು ಮಲಗುವ ಕೋಣೆಯೊಳಗೆ, ಕಿಟಕಿ ಮುಚ್ಚಿ, ರಾತ್ರಿ ಹನ್ನೊಂದರಿಂದ ಐದರವರೆಗೆ ಮುಳ್ಳು 45 ದಾಟಿದ್ದು ಎಷ್ಟು ಸಲ ಅಂತ ಎಣಿಸುವುದೇ ಮುಖ್ಯ. ಹತ್ತು ಹದಿನೈದು ಸಲ ಇದ್ದರೆ ರಿಪೇರಿಯಾಗುವ ಮನೆ. ಈ ಮನೆಯ ರಸ್ತೆ ಕಡೆಯ ಕೋಣೆಯಲ್ಲಿ ಎಣಿಕೆ ನೂರರ ಮೇಲೆ ಹೋಯಿತು, ಲಾರಿ ಹೋದಾಗ 62ರ ಹತ್ತಿರ. ಹಿಂದಿನ ಕೋಣೆಯಲ್ಲಿ ಇಪ್ಪತ್ತು ಚಿಲ್ಲರೆ, ಅದೂ 50ರ ಆಸುಪಾಸು. ಮನೆಯೇ ಗೋಡೆಯಾಗಿ ಅಡ್ಡ ನಿಲ್ಲುವುದರಿಂದ ಹಿಂದಿನ ಕೋಣೆಗೆ ಹತ್ತು ಹನ್ನೆರಡು ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಎರಡೂ ಬೆಡ್‌ರೂಮ್ ರಸ್ತೆಗೇ ಮುಖ ಮಾಡಿದ್ದರೆ ಅಳೆಯುವ ಶ್ರಮವೂ ಬೇಡ.

ಮಳೆಗಾಲದಲ್ಲಿ ಇನ್ನೊಂದು ಮೋಸ ಇದೆ. ಹೊಸನಗರ ಕಡೆಯ ಒಂದು ಮನೆಯ ಹಿತ್ತಿಲಲ್ಲಿ ರಾತ್ರಿ ಎರಡಕ್ಕೂ 50ಕ್ಕಿಂತ ಕೆಳಗೆ ಇಳಿಯಲೇ ಇಲ್ಲ, ಬೇಡ ಅಂತ ಬಿಟ್ಟಾಯಿತು. ಆಮೇಲೆ ಫೋನಿನಲ್ಲಿ, ಫೋನಿನ ಸೆನ್ಸರುಗಳಿಂದಲೇ ಅಳೆಯುವ ಫೈಫಾಕ್ಸ್ ಆ್ಯಪಿನ ಆಡಿಯೋ ಸ್ಪೆಕ್ಟ್ರಮ್ ತೆರೆದು ಪಕ್ಕದಲ್ಲಿ ಹಳೆಯ ರೆಕಾರ್ಡಿಂಗ್ ನುಡಿಸಿ ನೋಡಿದರೆ ಎಲ್ಲ ನಾಲ್ಕು ಸಾವಿರ ಹರ್ಟ್ಸ್ ಸುತ್ತ. ಜೀರುಂಡೆ! ಲಾರಿ ಸದ್ದು ಬಹುಪಾಲು ಐನೂರರ ಕೆಳಗೆ. ಒಳ್ಳೆಯ ಮನೆ ಜೀರುಂಡೆ ದೆಸೆಯಿಂದ ಕೈತಪ್ಪಿತು.

ಯಾವ ತಿಂಗಳು ಅಳೆಯುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ತೀರ್ಥಹಳ್ಳಿ-ಆಗುಂಬೆ ರಸ್ತೆಯ ಮನೆಯನ್ನು ಜುಲೈನಲ್ಲಿ ಅಳೆದು "ತಣ್ಣಗಿದೆ" ಅನ್ನಬೇಡಿ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸಿದರೆ ಆ ಲಾರಿಗಳೆಲ್ಲ ಹುಲಿಕಲ್ ಘಾಟಿ ಹಿಡಿಯುತ್ತವೆ, ಆಗ ಅತ್ತ ಗಲಾಟೆ, ಇತ್ತ ಮೌನ. ಸಾಗರ ರಸ್ತೆ, ಅಂದರೆ ಹಳೆಯ ರಾಷ್ಟ್ರೀಯ ಹೆದ್ದಾರಿ 206, ಈಗಿನ 69, ಇದಕ್ಕೆ ಉಲ್ಟಾ. ಮಳೆ ಹಿಡಿದು ಜೋಗ ತುಂಬಿದರೆ ಶನಿವಾರ ಭಾನುವಾರ ಕಾರುಗಳ ಸಾಲು, ಕೊಯ್ಲು ಶುರುವಾದ ಮೇಲೆ ಅಡಿಕೆ ಲಾರಿ. ಒದ್ದೆ ಡಾಂಬರಿನ ಮೇಲೆ ಟೈರಿನ ಸೀಟಿಯೇ ಬೇರೆ, ಒಣ ರಸ್ತೆಗಿಂತ ಕೆಲವು ಡೆಸಿಬೆಲ್ ಜಾಸ್ತಿ. ಒಣಗಿದಾಗ ಒಂದು, ನೆನೆದಾಗ ಒಂದು ರಾತ್ರಿ ಸಿಕ್ಕರೆ ಅದೃಷ್ಟ.

ರಸ್ತೆಯನ್ನು ನೋಡುವಾಗ ವಾಹನ ಎಷ್ಟು ಅಂತ ತಲೆ ಕೆಡಿಸಿಕೊಳ್ಳುವುದು ದಂಡ. ವಾಹನ ಇಮ್ಮಡಿಯಾದರೂ ಏರುವುದು ಮೂರೇ ಡೆಸಿಬೆಲ್. ದೂರ ಇಮ್ಮಡಿಯಾದರೂ ಇಳಿಯುವುದು ಅಷ್ಟೇ, ಹತ್ತು ಮೀಟರಿನಿಂದ ಇಪ್ಪತ್ತಕ್ಕೆ ಹಿಂದೆ ಸರಿದರೆ ಮೂರು, ಒಂಬತ್ತು ಬೇಕಾದರೆ ಎಂಬತ್ತು ಮೀಟರ್ ಹೋಗಬೇಕು. ನಿದ್ದೆ ಕೆಡಿಸುವುದು ಹಂಪು. ಅದರಲ್ಲೂ ಖಾಲಿ ಟಿಪ್ಪರ್. ತುಂಬಿದ ಲಾರಿ ಗುರ್ ಅಂತ ಹೋಗುತ್ತದೆ, ಖಾಲಿ ಟಿಪ್ಪರಿನ ಡಬ್ಬಿ ಹಂಪಿನ ಮೇಲೆ ಎದ್ದು ಬಿದ್ದು ಧಡಾರ್ ಅನ್ನುತ್ತದೆ. ಏರು ಇರುವ ಕಡೆ ಗೇರ್ ಇಳಿಸುವ ಸದ್ದು, ಬಸ್ ಸ್ಟಾಪ್ ಎದುರು ಬ್ರೇಕು ಹಾರನ್ನು. ಹಂಪು ಅಥವಾ ಸೇತುವೆಯ ಜಾಯಿಂಟ್ ಮನೆಯಿಂದ ಐವತ್ತು ಮೀಟರೊಳಗೆ ಇದ್ದರೆ ನೆಲದ ನಡುಕವನ್ನೂ ನೋಡಿ. ಫೋನನ್ನು ನೆಲದ ಮೇಲೆ ಮಲಗಿಸಿ ಅದೇ ಫೈಫಾಕ್ಸ್ ಆ್ಯಪಿನಲ್ಲಿ ಆಕ್ಸಲರೇಶನ್ ಹಾಕಿ, ಲಾರಿ ಹೋದಾಗ ಗೆರೆ ಎದ್ದರೆ ಹುಷಾರು. ಸದ್ದಿಗೆ ಮದ್ದುಂಟು, ನಡುಕಕ್ಕೆ ಮನೆಯ ಮಾಲೀಕ ಮಾಡುವಂಥದ್ದು ಏನಿಲ್ಲ.

ನೀರಿನ ವಿಷಯವನ್ನು ಮಲೆನಾಡಿನಲ್ಲಿ ಮರೆತವರು ಕೆಟ್ಟರು. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದಿದ್ದರೆ ರಸ್ತೆ ಒಂದೂವರೆ ಇಂಚಿನಿಂದ ನಾಲ್ಕು ಇಂಚಿನವರೆಗೆ ಏರುತ್ತದೆ. ಮೂರು ಸಲವಾದರೆ ಗೇಟು ಗುಂಡಿಯಲ್ಲಿ. ಡಾಂಬರಿನ ನಡುನೆತ್ತಿಯಿಂದ ಮನೆಯ ನೆಲಕ್ಕೆ ನೀರಿನ ಪೈಪ್ ಲೆವೆಲ್ ಹಿಡಿಯಿರಿ. ಒಂದೂವರೆ ಅಡಿ ಮೇಲಿದ್ದರೆ ಸರಿ. ಇಲ್ಲಿ ಹತ್ತು ಇಂಚು ಮಾತ್ರ ಇತ್ತು. ಗೇಟಿನ ಕೆಳಗೆ ಅಡ್ಡ ಚರಂಡಿ, ಮೇಲೆ ಕಬ್ಬಿಣದ ಜಾಲರಿ, ಮೋರಿಗೆ ಸಂಪರ್ಕ, ಒಟ್ಟು ನಲವತ್ತು ಸಾವಿರ. ಅದನ್ನು ಬೆಲೆಯಲ್ಲೇ ಕಳೆದದ್ದು.

ರಸ್ತೆ ಅಗಲೀಕರಣ ಮಾತ್ರ ಚೌಕಾಶಿ ವಿಷಯ ಅಲ್ಲ, ಹೌದು ಅಥವಾ ಇಲ್ಲ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ ನೋಡಿ ಉದ್ದೇಶಿತ ಅಗಲ ಬರೆದುಕೊಳ್ಳಿ. ಇಲ್ಲಿ 24 ಮೀಟರ್, ಅಂದರೆ ನಡುವಿನಿಂದ 12. ಕಾಂಪೌಂಡು 10.2ರಲ್ಲಿ, ಮನೆಯ ಮೊದಲ ಕಂಬ 14ರ ಹತ್ತಿರ. ಕಾಂಪೌಂಡು ಮತ್ತು ಆರಡಿ ಅಂಗಳ ಹೋಗುತ್ತದೆ, ಕಂಬ ಉಳಿಯುತ್ತದೆ. ಕಂಬ ಆ ಗೆರೆಯೊಳಗೆ ಇದ್ದರೆ ವಾಪಸ್ ಬನ್ನಿ. ಈಗಿನ ಡಾಂಬರಿನ ನಡುವೇ ನಕ್ಷೆಯ ನಡು ಅಂದುಕೊಳ್ಳಬೇಡಿ, ಹಿಂದೆ ಒಂದೇ ಬದಿಗೆ ಅಗಲ ಮಾಡಿರುತ್ತಾರೆ. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ಅಂದಾಜು ಸಿಗುತ್ತದೆ, ಕೊಳ್ಳುವುದು ಖಚಿತವಾದರೆ ಹದ್ದುಬಸ್ತು ಮಾಡಿಸಿ. ರಾಷ್ಟ್ರೀಯ ಹೆದ್ದಾರಿಯಾದ್ದರಿಂದ ಆ ಸರ್ವೆ ನಂಬರಿಗೆ ಹೆದ್ದಾರಿ ಕಾಯ್ದೆಯ 3ಎ (ಸ್ವಾಧೀನದ ಉದ್ದೇಶ), 3ಡಿ (ಸ್ವಾಧೀನದ ಘೋಷಣೆ) ಅಧಿಸೂಚನೆ ಆಗಿದೆಯೇ ನೋಡಬೇಕು. 3ಡಿ ಆಗಿದ್ದರೆ ಆ ಜಾಗ ಆಗಲೇ ಕೇಂದ್ರ ಸರ್ಕಾರದ್ದು. ಇಸಿ (ಋಣಭಾರ ಪತ್ರ), ಇ-ಖಾತಾ, ಭೂಪರಿವರ್ತನೆ ಎಲ್ಲರಿಗೂ ಗೊತ್ತಿದ್ದದ್ದೇ.

ಕಿಟಕಿಗೆ ಬರೋಣ. ಹಣ ಹಾಳಾದದ್ದೂ ಇಲ್ಲೇ, ಕೆಲಸ ಆದದ್ದೂ ಇಲ್ಲೇ. ಮೊದಲು ರಸ್ತೆ ಕಡೆಯ ಒಂದು ಕಿಟಕಿಗೆ ಯುಪಿವಿಸಿ ಸ್ಲೈಡಿಂಗ್, ಎರಡು ಪದರದ ಗಾಜು, ಇಪ್ಪತ್ತೆರಡು ಸಾವಿರ. ಗಳಿಸಿದ್ದು ನಾಲ್ಕೈದು ಡೆಸಿಬೆಲ್. ಸ್ಲೈಡಿಂಗಿನ ಎರಡು ಬಾಗಿಲು ಸೇರುವಲ್ಲಿ ಬ್ರಷ್ಷು ಇರುತ್ತದೆ, ಅದರೊಳಗಿಂದ ಗಾಳಿ ಹೋದರೆ ಸದ್ದೂ ಹೋಗುತ್ತದೆ. ಊದುಬತ್ತಿ ಹೊಗೆ ಹಿಡಿದು ನೋಡಿ, ಅಲ್ಲಾಡಿದ ಕಡೆಯೆಲ್ಲ ತೂತು. ಆಮೇಲೆ ಉಳಿದ ಕಿಟಕಿಗಳಿಗೆ ಹಳೆಯದನ್ನು ಹಾಗೇ ಬಿಟ್ಟು, ಒಂಬತ್ತು ಇಂಚು ಗೋಡೆಯ ಒಳಮೈಗೆ ಎರಡನೇ ಕಿಟಕಿ: ಕೀಲು ಹಾಕಿ ತೆರೆಯುವಂಥದ್ದು, 6.38 ಮಿಲಿಮೀಟರ್ ಲ್ಯಾಮಿನೇಟೆಡ್ ಗಾಜು, ಸುತ್ತ ರಬ್ಬರ್ ಬೀಡಿಂಗ್, ಎರಡೂ ಗಾಜಿನ ನಡುವೆ ನಾಲ್ಕು ಇಂಚು ಖಾಲಿ. ಚದರಡಿಗೆ ಸಾವಿರದ ಮೇಲೆ ನೂರೋ ಇನ್ನೂರೋ. ಲಾರಿಯ ತಗ್ಗು ಸದ್ದಿಗೆ ಬೇಕಾದದ್ದು ಈ ಅಂತರವೇ, ಅಂಗಡಿಯವರು ಹೇಳುವ ಅರ್ಧ ಇಂಚಿನ ಅಂತರ ಅದಕ್ಕೆ ಸಾಲದು. ಮೀಟರಿನಲ್ಲಿ ಸಿ ಓದು ಎ ಓದಿಗಿಂತ ಹದಿನೈದಕ್ಕೂ ಜಾಸ್ತಿ ಇದ್ದರೆ ನಿಮ್ಮದೂ ತಗ್ಗು ಸದ್ದಿನ ಕೇಸು. ಚೌಕಟ್ಟು ಮತ್ತು ಗೋಡೆಯ ಸಂದಿಗೆ ಫೋಮ್ ಊದಿ ಬಿಟ್ಟರೆ ಸಾಲದು, ಅದರ ಮೇಲೆ ಗಾರೆ, ಗಾರೆ ಅಂಚಿಗೆ ಸಿಲಿಕೋನ್. ಹಿಂದಿನ ಕೋಣೆಯಲ್ಲಿ ಲಾರಿ ಈಗ 38 ದಾಟುವುದಿಲ್ಲ.

ಹೆಂಚಿನ ಮನೆಯಾದರೆ ಇದೆಲ್ಲ ವ್ಯರ್ಥ. ಸೂರಿನ ಸಂದಿಯಲ್ಲೇ ಸದ್ದು ಇಳಿಯುತ್ತದೆ.

ಕಿಟಕಿ ಮುಚ್ಚಿದರೆ ಮಳೆಗಾಲದಲ್ಲಿ ಗೋಡೆಗೆ, ಬೀರುವಿನ ಬಟ್ಟೆಗೆ ಬೂಷ್ಟು. ಹಾಗಾಗಿ ಗಾಳಿಯಾಡಲು ಹಿತ್ತಿಲ ಗೋಡೆಯಲ್ಲಿ ನಾಲ್ಕು ಇಂಚಿನ ತೂತು, ಅದಕ್ಕೆ ಎರಡಡಿಯ ಪ್ಲೈವುಡ್ ಪೆಟ್ಟಿಗೆ, ಒಳಗೆ ಅಂಕುಡೊಂಕು ದಾರಿ, ರಾಕ್‌ವೂಲ್ ಹೊದಿಕೆ, ಸಣ್ಣ ಫ್ಯಾನು. ಕೋಣೆಗೆ ನಾಲ್ಕೂವರೆ ಸಾವಿರ. ಒಳಗಿನ ಅಡ್ಡಹಲಗೆಗಳ ಅಳತೆ ಕೇಳಬೇಡಿ, ಮೂರು ಪೆಟ್ಟಿಗೆ ಒಡೆದ ಮೇಲೆ ಸಿಕ್ಕಿದ್ದು ಅದು.

ಕೆಲವು ಅಡ್ಡ ಪ್ರಯೋಗಗಳೂ ನಡೆದವು. ಮೊಟ್ಟೆ ಟ್ರೇ ಗೋಡೆಗೆ ಅಂಟಿಸಿದ್ದು ಸೊನ್ನೆ. ಥರ್ಮಾಕೋಲ್ ಸೊನ್ನೆ. ಬಿದಿರು ಮೆಳೆಯ ಈಚೆ ಆಚೆ ಅಳೆದರೆ ಒಂದು ಡೆಸಿಬೆಲ್, ಅದೂ ಅನುಮಾನ. ಏಳೂವರೆ ಅಡಿ ಜಂಬಿಟ್ಟಿಗೆ ಕಾಂಪೌಂಡು ಕೆಳಮನೆಗೆ ಆರರಷ್ಟು ಕೊಟ್ಟಿತು, ಮಹಡಿಗೆ ಏನೂ ಇಲ್ಲ. ಅಗಲೀಕರಣದಲ್ಲಿ ಹೋಗುವ ಗೋಡೆಗೆ ದುಡ್ಡು ಹಾಕುವುದು ಯಾಕೆ ಅಂತ, 12 ಮೀಟರ್ ಗೆರೆ ಬಿಟ್ಟು ಮನೆಯ ಕಡೆಗೇ ಕಟ್ಟಿಸಿದ್ದು, ಅರವತ್ತೈದು ಸಾವಿರ. ಧೂಳು ಎಂಥದ್ದು ಅಂತ ನೋಡಲು ಬಿಳಿ ಟೈಲ್ಸಿಗೆ ಕೊಬ್ಬರಿ ಎಣ್ಣೆ ಸವರಿ ಫೆಬ್ರವರಿಯಲ್ಲಿ ವಾರ ಬಿಟ್ಟದ್ದು. ಕೆಂಪಗಾದರೆ ರಸ್ತೆ ಅಂಚಿನ ಮಣ್ಣು, ಅಂಚಿಗೆ ಕಾಂಕ್ರೀಟ್ ಬಿದ್ದರೆ ಕಡಿಮೆಯಾಗುತ್ತದೆ. ಕಪ್ಪಗೆ ಜಿಡ್ಡಾದರೆ ಡೀಸೆಲ್ ಮಸಿ, ಆಸ್ತಮಾ ಇರುವವರಿದ್ದರೆ ಅಂಥ ಮನೆ ಬೇಡ. ಇಲ್ಲಿ ಬಂದದ್ದು ಕೆಂಪು.

ಮಾಲೀಕರು ಕೇಳಿದ್ದು 82 ಲಕ್ಷ. ಅದರಲ್ಲಿ "ಮುಂದೆ ಅಂಗಡಿ ಹಾಕಬಹುದು" ಅನ್ನುವ ಬೆಲೆಯೂ ಸೇರಿತ್ತು. ನಕ್ಷೆಯಲ್ಲಿ ವಸತಿ ವಲಯ, ಮುಂದಿನ ಆರಡಿಯೂ ಹೋಗುವಂಥದ್ದು, ಅಂಗಡಿ ಎಲ್ಲಿ ಹಾಕುವುದು? ಆ ಭಾಗ ಪೂರ್ತಿ ಕಳೆದು, ಚರಂಡಿ, ಕಿಟಕಿ, ಗೋಡೆಯ ಅಂದಾಜು ಪಟ್ಟಿ ಕೈಗಿಟ್ಟದ್ದು. ಯಾವ ಕಾಗದ ಮೊದಲು, ಯಾವುದು ಕೊನೆಗೆ ತೋರಿಸಿದ್ದು ಅನ್ನುವುದು ನನ್ನ ಹತ್ತಿರವೇ ಇರಲಿ. 75.5ಕ್ಕೆ ಮುಗಿಯಿತು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆದ್ದರಿಂದ ಸ್ಟಾಂಪ್ ಎಲ್ಲ ಸೇರಿ ಐದು ಮುಕ್ಕಾಲು ಲಕ್ಷ. ರಿಪೇರಿಗೆ ಎರಡು ಕಾಲು ಲಕ್ಷದ ಹತ್ತಿರ, ಹಾಳಾದ ಆ ಇಪ್ಪತ್ತೆರಡು ಸಾವಿರವೂ ಸೇರಿ. ಆ ಸ್ಲೈಡಿಂಗ್ ಕಿಟಕಿ ಈಗ ಅಡುಗೆಮನೆಯಲ್ಲಿದೆ, ಅಲ್ಲಿ ಮಿಕ್ಸಿ ಸದ್ದೇ ರಸ್ತೆಗಿಂತ ಜಾಸ್ತಿ.