ಭಾರತ ಫುಟ್‌ಬಾಲ್ ತಂಡದ ಕೋಚ್‌ನ ಸಾಧನೆಯನ್ನು ಅಳೆಯುವುದು ಹೇಗೆ?

ರಾಷ್ಟ್ರೀಯ ತಂಡದ ಕೋಚ್ ಒಬ್ಬರ ಬಗ್ಗೆ ತೀರ್ಪು ಕೊಡುವ ಮೊದಲು, ಅವರು ಅಧಿಕಾರ ವಹಿಸಿಕೊಂಡ ದಿನ ತಂಡ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕ್ಲಬ್ ಕೋಚ್‌ಗೆ ಬೇಕಾದ ಆಟಗಾರರನ್ನು ಕೊಂಡುತರುವ ಅವಕಾಶವಿರುತ್ತದೆ, ದಿನವೂ ಅಭ್ಯಾಸ ಮಾಡಿಸುವ ಅನುಕೂಲವಿರುತ್ತದೆ. ರಾಷ್ಟ್ರೀಯ ತಂಡದ ಕೋಚ್‌ಗೆ ಇವೆರಡೂ ಇಲ್ಲ. ದೇಶದ ಲೀಗ್ ಬೆಳೆಸಿಕೊಟ್ಟ ಆಟಗಾರರಲ್ಲೇ ತಂಡ ಕಟ್ಟಿ, ವರ್ಷದಲ್ಲಿ ಸಿಗುವ ಕೆಲವೇ ವಾರಗಳಲ್ಲಿ ಫಲ ತೋರಿಸಬೇಕಾದ ಕೆಲಸ ಅವರದು. ಆದ್ದರಿಂದ ಎಷ್ಟು ಗೆದ್ದರು ಎಂದು ಕೇಳುವುದಕ್ಕಿಂತ, ಆ ಆಟಗಾರರಿಂದ ನ್ಯಾಯವಾಗಿ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚು ಪಡೆದರೇ ಎಂದು ಕೇಳುವುದು ಸರಿಯಾದ ಕ್ರಮ.

ಹೆಚ್ಚಿನವರು ಮೊದಲು ನೋಡುವುದು ಫಿಫಾ ರ‍್ಯಾಂಕಿಂಗನ್ನು. ನೋಡಬೇಕಾದದ್ದೇ, ಆದರೆ ಅದರ ಲೆಕ್ಕ ತಿಳಿದು ನೋಡಬೇಕು. 2018ರ ಮಧ್ಯದವರೆಗೆ ಪಂದ್ಯಗಳ ಅಂಕಗಳ ಸರಾಸರಿಯ ಮೇಲೆ ಸ್ಥಾನ ನಿಗದಿಯಾಗುತ್ತಿತ್ತು. ಹೀಗಾಗಿ ಕಡಿಮೆ ಪಂದ್ಯಗಳನ್ನಾಡಿ ಅವುಗಳಲ್ಲಿ ಹೆಚ್ಚಿನವನ್ನು ಗೆದ್ದ ತಂಡ ಬೇಗ ಮೇಲೇರಬಹುದಿತ್ತು. ಆ ಬಳಿಕ ಬಂದ ಪದ್ಧತಿಯಲ್ಲಿ ಪ್ರತಿ ಪಂದ್ಯದ ನಂತರ ಎದುರಾಳಿಯ ಬಲ ಮತ್ತು ಪಂದ್ಯದ ಮಹತ್ವಕ್ಕೆ ತಕ್ಕಂತೆ ಅಂಕ ಕೂಡುತ್ತದೆ ಅಥವಾ ಕಳೆಯುತ್ತದೆ. ಸ್ಟೀಫನ್ ಕಾನ್‌ಸ್ಟಂಟೈನ್ 2015ರಲ್ಲಿ ಎರಡನೇ ಬಾರಿ ಕೋಚ್ ಆದಾಗ ಭಾರತ 171ನೇ ಸ್ಥಾನದಲ್ಲಿತ್ತು, 2017ರ ಜುಲೈನಲ್ಲಿ 96ಕ್ಕೆ ಏರಿತು. ಈ ಏರಿಕೆಯಲ್ಲಿ ಹಳೆಯ ಪದ್ಧತಿಯ ಪಾಲಿರುವುದು ನಿಜವಾದರೂ, ಅದೇ ವರ್ಷ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕಿರ್ಗಿಸ್ತಾನ ಮತ್ತು ಮಕಾವ್ ತಂಡಗಳನ್ನು ಮಣಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದದ್ದು ಯಾವ ಸೂತ್ರದ ಕೊಡುಗೆಯೂ ಅಲ್ಲ.

ಮುಂದಿನ ಹೆಜ್ಜೆ ಪಂದ್ಯಗಳನ್ನು ವಿಂಗಡಿಸುವುದು. ತವರಿನವು, ಹೊರಗಿನವು, ಸೌಹಾರ್ದ ಪಂದ್ಯಗಳು, ಅರ್ಹತಾ ಪಂದ್ಯಗಳು, ನಮಗಿಂತ ಮೇಲಿನವರು, ಸರಿಸಮಾನರು, ಕೆಳಗಿನವರು. ಕಾನ್‌ಸ್ಟಂಟೈನ್ ನಂತರ ಕೋಚ್ ಆದ ಇಗೊರ್ ಸ್ಟಿಮಾಚ್ ಅವರ ಅವಧಿಯನ್ನು ಹೀಗೆ ವಿಂಗಡಿಸಿದರೆ ಚಿತ್ರವೇ ಬದಲಾಗುತ್ತದೆ. 2023ರಲ್ಲಿ ಅವರ ತಂಡ ಇಂಫಾಲದ ತ್ರಿಕೋನ ಸರಣಿ, ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್, ಬೆಂಗಳೂರಿನ ಸ್ಯಾಫ್ (ದಕ್ಷಿಣ ಏಷ್ಯಾ ಒಕ್ಕೂಟದ) ಚಾಂಪಿಯನ್‌ಷಿಪ್ ಮೂರನ್ನೂ ಗೆದ್ದಿತು. ಕಂಠೀರವದಲ್ಲಿ ಲೆಬನಾನ್ ಮತ್ತು ಕುವೈತ್ ವಿರುದ್ಧ ಶೂಟೌಟ್‌ನಲ್ಲಿ ಬಂದ ಜಯಗಳು ಕ್ರೀಡಾಂಗಣ ತುಂಬಿದ್ದ ಜನರಿಗೆ ನಿಜವಾದ ಹಬ್ಬವಾಗಿದ್ದವು. ಆದರೆ ಮೂರೂ ಪ್ರಶಸ್ತಿಗಳು ತವರಿನವು. ಆರು ತಿಂಗಳ ನಂತರ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಅದೇ ತಂಡ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂವರಿಗೂ ಸೋತು ಒಂದು ಗೋಲನ್ನೂ ಗಳಿಸದೆ ಮರಳಿತು. ಮೊದಲೆರಡು ಸೋಲುಗಳನ್ನು ಎದುರಾಳಿಯ ಬಲದಿಂದ ವಿವರಿಸಬಹುದು. ಸಿರಿಯಾ ವಿರುದ್ಧದ ಸೋಲನ್ನು ಹಾಗೆ ವಿವರಿಸುವುದು ಕಷ್ಟ.

ಒಂದೇ ಕ್ಷಣದ ಮೇಲೆ ತೀರ್ಪು ನಿಲ್ಲದಂತೆಯೂ ಎಚ್ಚರ ವಹಿಸಬೇಕು. ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2019ರ ಜನವರಿಯಲ್ಲಿ ಶಾರ್ಜಾದಲ್ಲಿ ಬಹರೇನ್ ವಿರುದ್ಧ ಡ್ರಾ ಸಾಧಿಸಿದ್ದರೂ ಭಾರತ ಏಷ್ಯನ್ ಕಪ್‌ನ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಸಿಕ್ಕ ಪೆನಾಲ್ಟಿಯಿಂದ ಬಹರೇನ್ ಗೆದ್ದಿತು, ಭಾರತ ಗುಂಪಿನ ತಳಕ್ಕೆ ಕುಸಿಯಿತು, ಕಾನ್‌ಸ್ಟಂಟೈನ್ ರಾಜೀನಾಮೆ ಕೊಟ್ಟರು. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ, ತಮ್ಮ 150ನೇ ಪಂದ್ಯದಲ್ಲಿ ಸುನಿಲ್ ಚೆಟ್ರಿ ಪೆನಾಲ್ಟಿಯಿಂದ ಮುನ್ನಡೆ ತಂದುಕೊಟ್ಟ ಮೇಲೂ ಸ್ಟಿಮಾಚ್ ಅವರ ತಂಡ ಅಫ್ಗಾನಿಸ್ತಾನಕ್ಕೆ 1–2ರಿಂದ ಸೋತಿತು. ಅಲ್ಲಿಯೂ ಗೆಲುವಿನ ಗೋಲು ಬಂದದ್ದು ಕೊನೆಯ ನಿಮಿಷಗಳ ಪೆನಾಲ್ಟಿಯಿಂದಲೇ. ಮೇಲ್ನೋಟಕ್ಕೆ ಎರಡೂ ಒಂದೇ ಬಗೆಯ ದುರದೃಷ್ಟ. ಆದರೆ ಬಹರೇನ್ ನಮಗಿಂತ ಬಲಿಷ್ಠ ತಂಡವಾಗಿತ್ತು ಮತ್ತು ಅದಕ್ಕೂ ಮೊದಲು ಭಾರತ ಥಾಯ್ಲೆಂಡನ್ನು 4–1ರಿಂದ ಸೋಲಿಸಿತ್ತು. ಅಫ್ಗಾನಿಸ್ತಾನವೋ ರ‍್ಯಾಂಕಿಂಗ್‌ನಲ್ಲಿ ನಮಗಿಂತ ಬಹಳ ಕೆಳಗಿತ್ತು, ಅದರ ಹಲವು ಪ್ರಮುಖ ಆಟಗಾರರು ತಮ್ಮ ಒಕ್ಕೂಟದೊಂದಿಗಿನ ಮನಸ್ತಾಪದಿಂದ ದೂರ ಉಳಿದಿದ್ದರು, ಅಲ್ಲದೆ ಕೆಲವೇ ದಿನಗಳ ಹಿಂದೆ ಅದೇ ತಂಡದೆದುರು ಭಾರತ ಗೋಲಿಲ್ಲದ ಡ್ರಾಕ್ಕೆ ತೃಪ್ತಿಪಟ್ಟಿತ್ತು. ಮೊದಲನೆಯದು ಕೋಚ್‌ನ ವೈಫಲ್ಯವೆಂದು ನಾನು ಒಪ್ಪಲಾರೆ. ಎರಡನೆಯದನ್ನು ವೈಫಲ್ಯವೆನ್ನದೆ ಬೇರೆ ದಾರಿಯಿಲ್ಲ.

ಆಟಗಾರರ ಮುಂದಿನ ಪೀಳಿಗೆಯನ್ನು ಸಿದ್ಧಪಡಿಸಿದರೇ ಎಂಬುದು ಇನ್ನೊಂದು ಅಳತೆಗೋಲು. ಹೊಸಬರಿಗೆ ಅವಕಾಶ ಕೊಟ್ಟ ಎಣಿಕೆಗಿಂತ, ಅವರಲ್ಲಿ ಎಷ್ಟು ಮಂದಿ ತಂಡದಲ್ಲಿ ನೆಲೆ ನಿಂತರು ಎಂಬುದನ್ನು ನೋಡಬೇಕು. 2024ರ ಜೂನ್‌ನಲ್ಲಿ ನಿವೃತ್ತರಾದ ಚೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಮರಳಿ ಕರೆಸಬೇಕಾಯಿತೆಂದರೆ, ಗೋಲು ಹೊಡೆಯುವ ಉತ್ತರಾಧಿಕಾರಿಯನ್ನು ಯಾವ ಕೋಚ್ ಕೂಡ ಬೆಳೆಸಿರಲಿಲ್ಲ ಎಂದೇ ಅರ್ಥ. ಈ ಹೊಣೆಯಲ್ಲಿ, ಮುಂಚೂಣಿಯ ಸ್ಥಾನಗಳಲ್ಲಿ ವಿದೇಶಿಯರನ್ನೇ ನೆಚ್ಚಿಕೊಂಡ ನಮ್ಮ ಕ್ಲಬ್‌ಗಳಿಗೂ ದೊಡ್ಡ ಪಾಲಿದೆ.

ದೇಶದ ಫುಟ್‌ಬಾಲ್ ಆಡಳಿತ ನಡೆಸುವ ಒಕ್ಕೂಟ ಕೊಟ್ಟ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಟಿಮಾಚ್ ನಂತರ ಕೋಚ್ ಆದ ಮನೋಲೊ ಮಾರ್ಕೆಝ್ ಎಂಟು ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದರು. ಆದರೆ ಆ ಅವಧಿಯ ಬಹುಭಾಗ ಅವರು ಎಫ್‌ಸಿ ಗೋವಾ ತಂಡಕ್ಕೂ ಕೋಚ್ ಆಗಿದ್ದರು, ಆ ಏರ್ಪಾಡಿಗೆ ಒಪ್ಪಿದ್ದು ಒಕ್ಕೂಟವೇ.

ಹಾಗೆಯೇ ಹಿಂದಿನವರ ಬಾಕಿಯನ್ನು ಬೇರೆಯಾಗಿಡಬೇಕು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಕೋಚ್ ಆಗಿ ಬರುವಾಗ ಏಷ್ಯನ್ ಕಪ್ ಅರ್ಹತಾ ಸುತ್ತಿನ ಎರಡು ಪಂದ್ಯಗಳಿಂದ ಭಾರತದ ಬಳಿ ಇದ್ದದ್ದು ಒಂದೇ ಅಂಕ. ಅದು ಅವರ ಖಾತೆಗೆ ಸೇರದು. ಮರುತಿಂಗಳು ಹೊರದೇಶದಲ್ಲಿ ಒಮಾನ್ ತಂಡವನ್ನು ಶೂಟೌಟ್‌ನಲ್ಲಿ ಸೋಲಿಸಿ ಕಾಫಾ (ಮಧ್ಯ ಏಷ್ಯಾ ಒಕ್ಕೂಟದ) ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ಪಡೆದದ್ದು ಅವರದೇ ಗಳಿಕೆ. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಮುನ್ನಡೆ ಪಡೆದ ನಂತರ ಸಿಂಗಪುರಕ್ಕೆ 1–2ರಿಂದ ಸೋತು ಅರ್ಹತೆಯ ಆಸೆ ಕಳೆದುಕೊಂಡದ್ದೂ ಅವರ ಲೆಕ್ಕಕ್ಕೇ ಬರುತ್ತದೆ.